ಕಿರುಯೋಧರ ವರ್ಣಲೇಪನ: ಒಂದು ಕಲೆಯ ವಿಕಾಸ

ಅಂಗೈಯಲ್ಲಿ ನಿಲ್ಲುವಷ್ಟು ಕಿರಿದಾದ ಯೋಧಪ್ರತಿಮೆಗಳಿಗೆ, ಇತಿಹಾಸದ ಸಾಕ್ಷ್ಯವನ್ನು ಮುಂದಿರಿಸಿಕೊಂಡು ಬಣ್ಣವಿಡುವ ಹವ್ಯಾಸವು ಪಶ್ಚಿಮ ದೇಶಗಳಲ್ಲಿ ಇಂದು ಪ್ರೌಢವಾದ ಕಲೆಯಾಗಿ ಬೆಳೆದು ನಿಂತಿದೆ. ಅದರ ಚರಿತ್ರೆಯನ್ನು ಅವಲೋಕಿಸಿದಲ್ಲಿ, ದಂಡನ್ನು ತೋರಿಸುವುದಕ್ಕಾಗಿ ಹುಟ್ಟಿದ ಕೌಶಲವು ಕ್ರಮೇಣ ದಂಡಿನೊಳಗಣ ಒಬ್ಬ ಮನುಷ್ಯನನ್ನು ತೋರಿಸುವ ಕಡೆಗೆ ತಿರುಗಿತೆಂಬುದು ಸ್ಪಷ್ಟವಾಗುತ್ತದೆ.

ಈಜಿಪ್ಟಿನ ಅಸ್ಯೂತ್‌ನಲ್ಲಿ, ಸುಮಾರು ನಾಲ್ಕು ಸಹಸ್ರ ವರ್ಷಗಳ ಹಿಂದಿನ ಮೆಸೆಹ್ತಿ ಎಂಬ ಪ್ರಾಂತಾಧಿಪತಿಯ ಸಮಾಧಿಯಲ್ಲಿ, ಮರದಲ್ಲಿ ಕೆತ್ತಿ ಬಣ್ಣವಿಟ್ಟ 40 ಈಟಿಗಾರರೂ 40 ನ್ಯೂಬಿಯದ ಬಿಲ್ಲಾಳುಗಳೂ ದೊರೆತಿರುವರು. ಇಂತಹ ಪುರಾತನ ನಿದರ್ಶನಗಳಿದ್ದರೂ ಇಂದಿನ ಹವ್ಯಾಸದ ನೇರವಾದ ಮೂಲವು ಜರ್ಮನಿಯ ನ್ಯೂರೆಂಬರ್ಗ್ ನಗರ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಹಿಲ್ಪರ್ಟ್ ಮನೆತನದವರು ಕಲ್ಲಿನಲ್ಲಿ ಕೊರೆದ ಅಚ್ಚಿಗೆ ತವರವನ್ನೆರೆದು ಚಪ್ಪಟೆಯಾದ ಯೋಧರನ್ನು ತಯಾರಿಸಿದರು. 1839ರಲ್ಲಿ ಕಾರ್ಯಾಗಾರವನ್ನು ತೆರೆದ ಅರ್ನ್ಸ್ಟ್ ಹೈನ್ರಿಕ್ಸನ್ನನಿಂದ ಸುಮಾರು 30 ಮಿಲಿಮೀಟರ್ ಎತ್ತರವು ಸರ್ವಸಮ್ಮತವಾದ ಅಳತೆಯಾಯಿತು. ಇಂಗ್ಲೆಂಡಿನಲ್ಲಿ ವಿಲಿಯಂ ಸೈಬಾರ್ನ್ ಎಂಬ ಸೇನಾಧಿಕಾರಿಯು ವಾಟರ್ಲೂ ಕದನದಲ್ಲಿ ಪಾಲ್ಗೊಂಡ ಅಧಿಕಾರಿಗಳಿಂದ ಪತ್ರಮುಖೇನ ವಿವರಗಳನ್ನು ಸಂಗ್ರಹಿಸಿ, 70,000ಕ್ಕೂ ಮಿಕ್ಕ ಕಿರುಪ್ರತಿಮೆಗಳ ರಣಭೂಮಿಯನ್ನು 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಅಲ್ಲಿ ಬಣ್ಣವು ದಳವನ್ನು ಗುರುತಿಸುವ ಚಿಹ್ನೆ ಮಾತ್ರವಾಗಿದ್ದಿತು.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆಯು ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಅಂಚು ಹೆಪ್ಪುಗಟ್ಟುತ್ತಲೇ ಒಳಗಿನದನ್ನು ಹೊರಚೆಲ್ಲಿ ಟೊಳ್ಳು ಪ್ರತಿಮೆಗಳನ್ನು ಎರೆಯುವ ವಿಧಾನವನ್ನು ಕಂಡುಕೊಂಡುದರಿಂದ, ಹೊಳಪುಬಣ್ಣದ 54 ಮಿಲಿಮೀಟರ್ ಯೋಧರು ಅಲ್ಪಬೆಲೆಗೆ ಮಕ್ಕಳ ಕೈಸೇರಿದರು. ಆ ಮಕ್ಕಳು ಬೆಳೆದ ಮೇಲೂ ಆಸ್ಥೆ ಉಳಿಯಿತು: 1935ರಲ್ಲಿ ಬ್ರಿಟಿಷ್ ಮಾಡೆಲ್ ಸೋಲ್ಜರ್ ಸೊಸೈಟಿ ಸ್ಥಾಪಿತವಾಯಿತು, ಎರಡನೆಯ ಮಹಾಯುದ್ಧದ ತರುವಾಯ ಚಾರ್ಲ್ಸ್ ಸ್ಟಾಡನ್, ರಸೆಲ್ ಗ್ಯಾಮೇಜ್ ಮೊದಲಾದ ಶಿಲ್ಪಿಗಳು ಸಂಗ್ರಾಹಕರಿಗಾಗಿಯೇ ಪ್ರತಿಮೆಗಳನ್ನು ರೂಪಿಸತೊಡಗಿದರು, ಫ್ರಾನ್ಸಿನ ಹಿಸ್ಟೊರೆಕ್ಸ್ ಸಂಸ್ಥೆಯ ಪ್ಲಾಸ್ಟಿಕ್ ಬಿಡಿಭಾಗಗಳು ನೆಪೋಲಿಯನ್ನನ ಸೈನಿಕನನ್ನು ಬೇಕಾದ ಭಂಗಿಯಲ್ಲಿ ಜೋಡಿಸುವ ಸ್ವಾತಂತ್ರ್ಯವನ್ನಿತ್ತವು.

ಈ ಸ್ವಾತಂತ್ರ್ಯದೊಡನೆಯೇ ವರ್ಣಲೇಪನದ ತತ್ತ್ವವೂ ಬದಲಾಯಿತು. ನಾಲ್ಕೈದು ಅಂಗುಲಕ್ಕೂ ಕಡಮೆಯಾದ ದೇಹದ ಮೇಲೆ ಕೋಣೆಯ ಬೆಳಕು ಸಾಕಷ್ಟು ನೆರಳನ್ನು ಹುಟ್ಟಿಸಲಾರದು. ಆದುದರಿಂದ ನೆರಳನ್ನೂ ಕುಂಚವೇ ಬರೆಯಬೇಕು. ಆಳವೇ ಇಲ್ಲದ ಚಪ್ಪಟೆ ತವರದ ಮೇಲೆ ಛಾಯಾಪ್ರಕಾಶಗಳಿಂದ ಉಬ್ಬುತಗ್ಗುಗಳ ಭ್ರಮೆಯನ್ನು ತರಿಸುತ್ತಿದ್ದ ಜರ್ಮನ್ ಕಲಾವಿದರ ಜಾಣ್ಮೆಯೇ ದುಂಡುಪ್ರತಿಮೆಗಳಿಗೂ ಸಲ್ಲುವಂಥದಾಯಿತು: ಬೆಳಕು ನೆತ್ತಿಯ ಮೇಲಿನಿಂದ ಬೀಳುತ್ತಿದೆಯೆಂದು ಭಾವಿಸಿ ಮೇಲ್ಮಡಿಕೆಗಳನ್ನು ತಿಳಿಗೊಳಿಸುವುದು, ಒಳಮಡಿಕೆಗಳನ್ನು ಗಾಢಗೊಳಿಸುವುದು. ನಿಧಾನವಾಗಿ ಒಣಗುವ ತೈಲವರ್ಣವು ಕೆನ್ನೆ ಗಲ್ಲಗಳ ವರ್ಣಸಂಕ್ರಮಣಕ್ಕೆ ಒದಗಿದರೆ, ಬೇಗನೆ ಆರುವ ಅಕ್ರಿಲಿಕ್ ವರ್ಣವು ತೆಳುಪದರಗಳನ್ನು ಒಂದರ ಮೇಲೊಂದಾಗಿ ಇಡುವ ಪದ್ಧತಿಯನ್ನು ಬೆಳೆಸಿತು.

ಷಿಕಾಗೋದ ಷೆಪರ್ಡ್ ಪೇಯ್ನ್ ಈ ಪರಿವರ್ತನೆಗೆ ಕಥನದ ಆಯಾಮವನ್ನು ಕೂಡಿಸಿದನು. ಪೆಟ್ಟಿಗೆಯೊಳಗೆ ದೀಪವನ್ನಡಗಿಸಿ ಆತನು ರಚಿಸಿದ ದೃಶ್ಯಗಳಲ್ಲಿ ಯೋಧನು ಸಂದರ್ಭವೊಂದರೊಳಗಣ ಪಾತ್ರವಾಗುತ್ತಾನೆ. ಸ್ಪರ್ಧಿಗಳನ್ನು ಪರಸ್ಪರ ಹೋಲಿಸದೆ, ಪ್ರತಿಯೊಬ್ಬರ ಕೃತಿಯನ್ನೂ ಅದರದರ ಯೋಗ್ಯತೆಯಂತೆ ಅಳೆದು ಪದಕವೀಯುವ ಷಿಕಾಗೋ ಪ್ರದರ್ಶನದ ಪದ್ಧತಿಯು ಕಲಿಯುವವರನ್ನು ಪ್ರತಿಸ್ಪರ್ಧಿಗಳನ್ನಾಗಿಸದೆ ಸಹಪಾಠಿಗಳನ್ನಾಗಿಸಿತು.

ಇಂದು ಗಣಕದಲ್ಲಿ ರೂಪಿಸಿದ ಆಕೃತಿಯನ್ನು ಯಂತ್ರವೇ ರೆಸಿನ್‌ನಲ್ಲಿ ಮುದ್ರಿಸಿಕೊಡುತ್ತದೆ. ರೂಪವು ಹೀಗೆ ಸುಲಭವಾದಷ್ಟೂ ವರ್ಣಕಾರನ ಹೊಣೆಯು ಗುರುತರವಾಗುವುದೆಂದು ನನ್ನ ನಂಬಿಕೆ. ಟಿಪ್ಪು ಸುಲ್ತಾನನ ಪದಾತಿಗೆ ಬಣ್ಣವಿಡುವವನು ಆ ಹುಲಿಪಟ್ಟೆಯ ಉಡುಪಿನ ಸಾಕ್ಷ್ಯವನ್ನು ಅರಸಲೇಬೇಕು. ಅದರೊಡನೆ, ಆ ಉಡುಪನ್ನು ತೊಟ್ಟವನ ಬಿಸಿಲು, ಬೆವರು, ಬಳಲಿಕೆಗಳನ್ನೂ ಊಹಿಸಬೇಕು. ದಳದ ಲಾಂಛನಕ್ಕೂ ವ್ಯಕ್ತಿಯ ಮುಖಕ್ಕೂ ಸಮಾನವಾಗಿ ನಿಷ್ಠನಾದ ಕಲಾವಿದನಿಂದಲೇ, ಇತಿಹಾಸದ ಪುಟಗಳಲ್ಲಿ ಸಂಖ್ಯೆಯಾಗಿ ಮಾತ್ರ ಉಳಿದವನಿಗೆ ಮನುಷ್ಯನೆಂಬ ಮಾನ್ಯತೆ ಸಲ್ಲುತ್ತದೆ.