ಬೆಳಗಾವಿಯಿಂದ ಬಸ್ರೆಗೆ ಹೋದ ಸಿಪಾಯಿ

ದೊಡವಾಡದ ಸುತ್ತಣ ಸೀಮೆಯು ವೀರರ ಸೀಮೆಯೆಂದು ಹೆಸರಾದುದು ಇಂದು ನಿನ್ನೆಯದಲ್ಲ. ಕನ್ನಡ ನಾಡಿನ ಹೊಲದ ಬದುಗಳಲ್ಲಿಯೂ ಗುಡಿಯ ಅಂಗಳಗಳಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ಕಾಣದವರಾರು? ಹಾಗೆ ಕಲ್ಲಿನಲ್ಲಿ ನಿಲ್ಲಲು ಅರಸನಾಗಿರಬೇಕೆಂಬ ಕಟ್ಟಳೆಯಿರಲಿಲ್ಲ. ಊರ ತುರುಗಳನ್ನು ಬಿಡಿಸಹೋಗಿ ಮಡಿದ ಆಳಿನ ಹೆಸರನ್ನೂ, ಎಷ್ಟೋ ಕಡೆ ಅವನ ತಂದೆಯ ಹೆಸರನ್ನೂ ಕಂಡರಿಸಿ ನಿಲ್ಲಿಸುವುದು ಈ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ ನಡೆದು ಬಂದ ಪದ್ಧತಿಯಾಗಿತ್ತು. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯನ್ನು ಕೆಡವಿದವರನ್ನೂ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನೂ ಜನರು ಲಾವಣಿಗಳಲ್ಲಿ ಉಳಿಸಿಕೊಂಡಿರುವರು.

ಕಿತ್ತೂರಿನ ಕದನವಾಗಿ ತೊಂಬತ್ತು ವರ್ಷಗಳಾದ ಬಳಿಕ, ಅದೇ ಇಂಗ್ಲಿಷರ ಪಗಾರವನ್ನುಂಡು ಈ ಜಿಲ್ಲೆಯ ದಂಡು ಕಡಲನ್ನು ದಾಟಿ ಹೋಯಿತು. ಆ ಸಿಪಾಯಿಗಳ ಹೆಸರುಗಳನ್ನು ಮಾತ್ರ ಕಲ್ಲೂ ಉಳಿಸಲಿಲ್ಲ, ಲಾವಣಿಯೂ ಉಳಿಸಲಿಲ್ಲ.

1914ನೆಯ ಇಸವಿಯ ಆಗಸ್ಟದಲ್ಲಿ ಯುರೋಪದಲ್ಲಿ ಮಹಾಯುದ್ಧವು ಹತ್ತಿಕೊಂಡಿತು. ತುರ್ಕಸ್ಥಾನವು ಜರ್ಮನಿಯ ಪಕ್ಷವನ್ನು ಹಿಡಿದೊಡನೆ, ಪರ್ಶಿಯಾದ ಎಣ್ಣೆಯ ಬಾವಿಗಳನ್ನೂ ಕೊಲ್ಲಿಯ ದಾರಿಯನ್ನೂ ಕಾಯ್ದುಕೊಳ್ಳುವುದಕ್ಕಾಗಿ ಹಿಂದುಸ್ಥಾನದ ಸರಕಾರವು ಪುಣೆಯ ಆರನೆಯ ಡಿವಿಜನ್ನನ್ನು ಬಸ್ರೆಗೆ ಕಳುಹಿಸಿತು. ಅದರೊಳಗಿನ ಹದಿನೆಂಟನೆಯ ಬ್ರಿಗೇಡು ಬೆಳಗಾವಿಯದು. ನವೆಂಬರದಲ್ಲಿ, ಇಲ್ಲಿ ಹಿಂಗಾರಿಯ ಜೋಳ ನಾಟಿ ತಲೆಯೆತ್ತುವ ದಿನಗಳಲ್ಲಿ, ಅದು ಶತ್ ಅಲ್ ಅರಬ್ ನದಿಯ ದಡದಲ್ಲಿಳಿಯಿತು. 103, 110, 117 ಎಂಬ ಅಂಕಿಗಳಿಂದ ಕರೆಯಿಸಿಕೊಳ್ಳುತ್ತಿದ್ದ ಮೂರು ಮರಾಠಾ ಪಲಟಣಗಳು ಆ ಡಿವಿಜನ್ನಿನಲ್ಲಿದ್ದವು. ಅವುಗಳಲ್ಲಿ 110ನೆಯದು ಬೆಳಗಾವಿಯ ಬ್ರಿಗೇಡಿಗೆ ಸೇರಿದುದು. ಸಿಪಾಯಿಯ ಪಗಾರವು ತಿಂಗಳಿಗೆ ಹನ್ನೊಂದು ರೂಪಾಯಿ. ಮಳೆಯನ್ನು ನಂಬಿದ ಒಕ್ಕಲಿಗನ ಮನೆಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ರಾಜನಿಷ್ಠೆಯಿಂದಲೇ ಎಲ್ಲರೂ ಹೊರಟರೆಂದು ಆ ಕಾಲದ ಸರಕಾರಿ ಬರಹಗಳು ಹೇಳುವುದನ್ನು ಅಷ್ಟಕ್ಕಷ್ಟೇ ನಂಬಬೇಕು.

ಮೊದಲ ವರ್ಷವು ಗೆಲುವಿನದು. ಬಸ್ರೆ ಕೈವಶವಾಯಿತು, 1915ರ ಏಪ್ರಿಲದಲ್ಲಿ ಶಾಯಿಬಾದ ಕಾಳಗವೂ ಗೆದ್ದಿತು. ಮುಂದೆ ಜನರಲ್ ಟೌನ್‌ಶೆಂಡನು ಬಗದಾದಿನ ಆಸೆಗೆ ಬಿದ್ದ ಮೇಲಿನವರ ಅಪ್ಪಣೆಯಂತೆ ದಂಡನ್ನು ಟೈಗ್ರಿಸ್ ನದಿಯುದ್ದಕ್ಕೂ ನಡೆಯಿಸಿ, ನವೆಂಬರದಲ್ಲಿ ಟೆಸಿಫೋನಿನ ಬಳಿ ನಾಲ್ಕು ಸಾವಿರಕ್ಕೂ ಮಿಕ್ಕಿದ ಜನರನ್ನು ಕಳೆದುಕೊಂಡು ಹಿಂದಿರುಗಿದನು. ಡಿಸೆಂಬರ 3ಕ್ಕೆ ದಣಿದ ದಂಡು ಕುಟ್ ಎಂಬ ಊರನ್ನು ಸೇರಿತು. ಮೂರು ಕಡೆ ನದಿ ಸುತ್ತಿದ ಊರದು. ನಾಲ್ಕೇ ದಿನಗಳಲ್ಲಿ ತುರ್ಕರು ಅದನ್ನು ಮುತ್ತಿದರು. ಆ ಮುತ್ತಿಗೆಯು ಸುಮಾರು ಐದು ತಿಂಗಳು ನಡೆಯಿತು.

ಗುಂಡಿಗಿಂತ ಹಸಿವೆಯೇ ಅಲ್ಲಿ ದೊಡ್ಡ ವೈರಿಯಾಯಿತು. ದನಕುರಿಗಳು ತೀರಿದ ಮೇಲೆ ದಂಡಿನ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ಕೊಯ್ಯತೊಡಗಿದರು. ಗೋರಾ ಸೋಲ್ಜರರು ತಿಂದರು. ಹಿಂದುಸ್ಥಾನದ ಸಿಪಾಯಿಗಳು ಒಲ್ಲೆನೆಂದರು. ಅವರಲ್ಲಿ ಮಾಂಸಾಹಾರಿಗಳೇ ಅನೇಕರಿದ್ದರೂ ಕುದುರೆಯ ಮಾಂಸವು ಅವರ ಕುಲಾಚಾರದಲ್ಲಿ ಎಂದೂ ಇದ್ದುದಲ್ಲ. ಟೌನ್‌ಶೆಂಡನು ಹಿಂದುಸ್ಥಾನದ ಧರ್ಮಗುರುಗಳಿಂದ ಒಪ್ಪಿಗೆಯನ್ನು ತರಿಸಿ ಸಾರಿಸಿದನು. ಪ್ರಾಣಸಂಕಟದಲ್ಲಿ ದೋಷವಿಲ್ಲವೆಂಬ ಮಾತು ಸಮುದ್ರದಾಚೆಯಿಂದ ಬಂದಿತು. ಬಂದರೂ ಬಹುಜನರು ಮುಟ್ಟಲಿಲ್ಲ. ತಿಂದು ಊರಿಗೆ ಹೋದರೆ ಜಾತಿಯವರು ಪಂಕ್ತಿಗೆ ಕರೆಯರು, ಮಕ್ಕಳಿಗೆ ಹೆಣ್ಣು ಗಂಡು ಕೊಡುವವರಿಲ್ಲವಾಗುವರು ಎಂಬ ಅಂಜಿಕೆಯೇ ಅವರನ್ನು ತಡೆದಿತ್ತೆಂದು ಅಲ್ಲಿದ್ದವರು ಬರೆದಿಟ್ಟಿರುವರು. ವಾಚಕರು ಇದನ್ನು ಸ್ವಲ್ಪ ತಡೆದು ಯೋಚಿಸಬೇಕು. ಗುರುವಿನ ಅಪ್ಪಣೆಯು ಒಂದು ತಂತಿಯಿಂದ ಬರಬಲ್ಲುದು. ಊರಿನ ಅಪ್ಪಣೆಯನ್ನು ಯಾವ ತಂತಿಯು ತರಬಲ್ಲುದು? ನೂರಾರು ಹರದಾರಿ ದೂರದ ಮರಳುಗಾಡಿನಲ್ಲಿ, ಸಾವಿನ ಬಾಯಲ್ಲಿ ಕುಳಿತ ಆ ಮನುಷ್ಯನು ತನ್ನೂರಿನ ಕಟ್ಟೆಯ ಮೇಲೆ ಕುಳಿತ ಹಿರಿಯರ ಮೋರೆಯನ್ನು ನೋಡುತ್ತಿದ್ದನು. ಅವನ ನಿಷ್ಠೆಯನ್ನು ಹೊಗಳುವುದು ಸುಲಭ. ಅವನಿಗೆ ಅಂಥ ಭಯವನ್ನು ಹುಟ್ಟಿಸಿದ ಊರನ್ನು ಹೊಗಳುವುದು ಅಷ್ಟು ಸುಲಭವಲ್ಲ.

ಕಾಯಿಪಲ್ಲೆಯೂ ಇಲ್ಲದೆ, ಮಾಂಸವೂ ಇಲ್ಲದೆ, ವಸಡಿನಿಂದ ರಕ್ತವೊಸರುವ ಸ್ಕರ್ವಿ ರೋಗವು ಸಿಪಾಯಿಗಳನ್ನು ಹಿಡಿಯಿತು. ಸೈನಿಕರು ಹೊಲದ ಹುಲ್ಲುಸೊಪ್ಪನ್ನು ಕೊಯ್ದು ಬೇಯಿಸಿದರು. ಗೋರಾ ಸೋಲ್ಜರರನ್ನು ಹಿಡಿದುದು ಬೆರಿಬೆರಿ ಎಂಬ ಬೇರೆ ರೋಗ. ಅದಕ್ಕೆ ಅವರ ಬಿಳಿಯ ಹಿಟ್ಟಿನ ಬ್ರೆಡ್ಡೇ ಕಾರಣ. ಸಿಪಾಯಿಯ ಹೊಟ್ಟುಸಹಿತವಾದ ಆಟಾ ಮತ್ತು ಜವೆಗೋಧಿಯ ಹಿಟ್ಟು ಅವರ ಪಾಲಿಗೂ ಬಂದಾಗ ಆ ರೋಗವು ತಗ್ಗಿತು. ಸಿಪಾಯಿಗಳ ಹಟದಿಂದಲೇ ಕುಟ್ ಬಿದ್ದಿತೆಂದು ದೂರುವವರು ಈ ಸಂಗತಿಯನ್ನು ಹೇಳುವುದು ಕಡಿಮೆ.

ಏಪ್ರಿಲದ ನಡುವೆ, ಕಟ್ಟಪ್ಪಣೆಯಾದ ಮೇಲೆ, ಹೆಚ್ಚಿನವರು ಕಣ್ಣು ಮುಚ್ಚಿ ಆ ಮಾಂಸವನ್ನುಂಡರು. ಅಷ್ಟರಲ್ಲಿ ಕಾಲ ಮೀರಿತ್ತು. ಹಿಟ್ಟು ದಿನಕ್ಕೆ ನಾಲ್ಕು ಔನ್ಸಿಗೆ ಇಳಿದಿತ್ತು. ವಿಮಾನಗಳಿಂದ ಹಿಟ್ಟಿನ ಚೀಲಗಳನ್ನು ಎಸೆದರು. ಕೆಲವು ನದಿಯ ಪಾಲಾದವು. ಬಿಡಿಸಲು ಬಂದ ಬೇರೆ ದಂಡು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಗಾಯ ಮರಣಗಳಲ್ಲಿ ಕಳೆದುಕೊಂಡು ಸೋತಿತು. 1916ರ ಏಪ್ರಿಲ 29ರಂದು ಸುಮಾರು 13,000 ಜನರು ಶರಣಾದರು. ಅವರಲ್ಲಿ ಸುಮಾರು ಹತ್ತು ಸಾವಿರ ಜನರು ಹಿಂದುಸ್ಥಾನದವರು.

ದಂಡನಾಯಕನಾದ ಟೌನ್‌ಶೆಂಡನನ್ನು ಇಸ್ತಂಬೂಲಿನ ಬಳಿಯ ದ್ವೀಪದಲ್ಲಿ ಅತಿಥಿಯಂತೆ ಇರಿಸಿಕೊಂಡರು. ಸೆರೆಯಲ್ಲಿರುವಾಗಲೇ ಅವನಿಗೆ ಬಿರುದೂ ಬಂದಿತು. ಸಿಪಾಯಿಯನ್ನು ಬಿಸಿಲಿನಲ್ಲಿ ಬಗದಾದಿಗೂ, ಅಲ್ಲಿಂದ ಮೋಸಲಿನ ಮೇಲೆ ರಾಸ್ ಅಲ್ ಐನಿಗೂ ನಡೆಯಿಸಿಕೊಂಡು ಹೋಗಿ, ರೇಲ್ವೆಯ ಹಾದಿ ಹಾಕುವ ಕೂಲಿಗೆ ಹಚ್ಚಿದರು. ಬಂಗಾಲದ ಆಂಬುಲೆನ್ಸ್ ದಳದ ಶಿಶಿರ ಸರ್ಬಾಧಿಕಾರಿಯೆಂಬವನು ತನ್ನ ದಿನಚರಿಯ ಹಾಳೆಗಳನ್ನು ಬೂಟಿನಲ್ಲಡಗಿಸಿ ಉಳಿಸಿಕೊಂಡು, ಆ ಸೆರೆಯ ಕಥೆಯನ್ನು ಮುಂದೆ ಬಂಗಾಲಿಯಲ್ಲಿ ಪ್ರಕಟಿಸಿದನು. ಅಕ್ಷರವರಿಯದ ಸಿಪಾಯಿಗೆ ಆ ಉಪಾಯವೂ ಇರಲಿಲ್ಲ. ಹಿಂದುಸ್ಥಾನದ ಸೆರೆಯಾಳುಗಳಲ್ಲಿ ಸುಮಾರು 1,300 ಜನರು ಸತ್ತುದು ಲೆಕ್ಕಕ್ಕೆ ಸಿಕ್ಕಿದೆ. ಇನ್ನು ಸುಮಾರು 1,800 ಜನರು ಏನಾದರೆಂಬುದು ತಿಳಿಯದೆಯೇ ಹೋಯಿತು.

ಯುದ್ಧವು 1918ರಲ್ಲಿ ಮುಗಿಯಿತು. 1922ರಲ್ಲಿ ಮರಾಠಾ ಪಲಟಣಗಳೆಲ್ಲ ಒಂದೇ ರೆಜಿಮೆಂಟಾಗಿ ಕೂಡಿದವು. ಅದರ ಕೇಂದ್ರವು ಬೆಳಗಾವಿಯಲ್ಲಿ ನೆಲೆಸಿ ಇಂದಿಗೂ ನಡೆದಿದೆ. 1929ರಲ್ಲಿ ಬಸ್ರೆಯ ಬಂದರದ ಬಳಿ, ಸಮಾಧಿಯೂ ಇಲ್ಲದೆ ಹೋದ ನಾಲ್ವತ್ತು ಸಾವಿರಕ್ಕೂ ಮಿಕ್ಕಿದ ಜನರಿಗಾಗಿ ಸ್ಮಾರಕವನ್ನು ಕಟ್ಟಿದರು. ಅದರ ಗೋಡೆಯ ಮೇಲೆ ಗೋರಾ ಸೋಲ್ಜರನ ಹೆಸರನ್ನು ಕೆತ್ತಿದರು. ಹಿಂದುಸ್ಥಾನದ ಸುಬೇದಾರ ಜಮಾದಾರರ ಹೆಸರನ್ನೂ ಕೆತ್ತಿದರು. ಸಿಪಾಯಿಯ ಹೆಸರನ್ನು ಕೆತ್ತಲಿಲ್ಲ. ಪಲಟಣದ ಹೆಸರು, ಅದರ ಕೆಳಗೆ ಇಷ್ಟು ಜನರೆಂಬ ಅಂಕಿ. ತೊಂಬತ್ತು ವರ್ಷಗಳ ಮೇಲೆ, 2021ರಲ್ಲಿ, ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವು ಈ ಭೇದವನ್ನು ಒಪ್ಪಿ ಕ್ಷಮೆ ಬೇಡಿತು. ಸ್ಮಾರಕವಾದರೋ 1997ರಲ್ಲಿ ಬಂದರದಿಂದ ಕಿತ್ತು ನಾಸಿರಿಯಾ ಹಾದಿಯ ಮರಳಿನಲ್ಲಿ ಮರಳಿ ಕಟ್ಟಲ್ಪಟ್ಟಿದೆ.

ಕಲ್ಲಿನ ಮೇಲೆ ಬಾರದ ಹೆಸರುಗಳು ಆಯೋಗದ ದಫ್ತರದಲ್ಲಿವೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಆ ಪಟ್ಟಿಗಳಲ್ಲಿ ಕೆಲವು ಹೆಸರುಗಳ ಮುಂದೆ ಇಂಥವನ ಮಗನೆಂದೂ, ಇಂಥ ಊರಿನವನೆಂದೂ, ಇಂಥ ಜಿಲ್ಲೆಯವನೆಂದೂ ಉಂಟು. ಊರುಗಳ ಹೆಸರುಗಳು ಗುಮಾಸ್ತನ ಕೈಯಲ್ಲಿ ಬಹಳ ಕೆಟ್ಟಿವೆ. ಆ ಊರುಗಳಲ್ಲಿ ಹುಟ್ಟಿ ಬೆಳೆದವರು ಮಾತ್ರ ಓದಿ ಗುರುತಿಸಬಲ್ಲರು.