ಕಣಜದ ಕೀಲಿಕೈ: ರಾಮಧಾನ್ಯದಿಂದ ಜಹೀರಾಬಾದಿನವರೆಗೆ

ಆಹಾರದ ಚರಿತ್ರೆಯನ್ನು ಕಟ್ಟುವಾಗ ಬೆಳೆ, ಮಳೆ, ನೀರಾವರಿ, ಕಂದಾಯಗಳ ಕಡೆಗೆ ಹರಿಯುವಷ್ಟು ಗಮನ ಕಣಜದ ಕಡೆಗೆ ಹರಿಯುವುದಿಲ್ಲ. ಒಂದು ಸೀಮೆಯ ಜನ ಏನನ್ನು ಉಣ್ಣುತ್ತಾರೆ, ಬರಗಾಲದಲ್ಲಿ ಯಾರು ಉಳಿಯುತ್ತಾರೆ ಎಂಬುದು ಬೆಳೆದ ಧಾನ್ಯದ ಪ್ರಮಾಣದಿಂದಷ್ಟೇ ನಿರ್ಧಾರವಾಗದು. ಕೂಡಿಟ್ಟ ಧಾನ್ಯ ಯಾರ ವಶದಲ್ಲಿದೆ, ಅದನ್ನು ಹಂಚುವ ಅಧಿಕಾರ ಯಾರದು ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾದವು. ಈ ಪ್ರಶ್ನೆಗಳನ್ನು ದಖ್ಖನ್ನಿನ ಸಾಹಿತ್ಯ ಮತ್ತು ಐತಿಹ್ಯಗಳು ಬಹುಹಿಂದೆಯೇ ಎತ್ತಿವೆ.

16ನೆಯ ಶತಮಾನದ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ರಚಿಸಿದ 'ರಾಮಧಾನ್ಯ ಚರಿತ್ರೆ' ಇಲ್ಲಿ ಮೊದಲು ನೆನಪಾಗುತ್ತದೆ. ಲಂಕೆಯಿಂದ ಮರಳುವ ರಾಮನ ಸಮ್ಮುಖದಲ್ಲಿ ಧಾನ್ಯಗಳೊಳಗೆ ಶ್ರೇಷ್ಠವಾವುದೆಂಬ ಮಾತು ಬರುತ್ತದೆ. ಗೌತಮನು ನರೆದಲೆಗವನ್ನು, ಎಂದರೆ ರಾಗಿಯನ್ನು ಎತ್ತಿಹಿಡಿದಾಗ ವ್ರೀಹಿ, ಎಂದರೆ ಭತ್ತ, ಕೆರಳುತ್ತದೆ. ಮಳೆಯಿಲ್ಲದ ಕಾಲದಲ್ಲಿ ಬಡವರನ್ನು ಸಲಹುವವನು ತಾನೆಂದು ನರೆದಲೆಗ ವಾದಿಸುತ್ತದೆ. ವಿವಾದ ತೀರದೆ ಎರಡೂ ಧಾನ್ಯಗಳು ಆರು ತಿಂಗಳು ಸೆರೆಗೆ ಹೋಗುತ್ತವೆ. ಅವಧಿ ಮುಗಿದಾಗ ವ್ರೀಹಿ ಕಂದಿರುತ್ತದೆ, ನರೆದಲೆಗ ಗಟ್ಟಿಯಾಗಿಯೇ ಇರುತ್ತದೆ. ರಾಘವನ ಹೆಸರೇ ಅದಕ್ಕೆ ದೊರೆಯುತ್ತದೆ.

ಈ ಕೃತಿಯನ್ನು ಕುಲಶ್ರೇಣಿಯ ವಿಡಂಬನೆಯಾಗಿ ಓದುವ ಕ್ರಮ ಸುಪರಿಚಿತವಾದುದು, ಸಾಧುವಾದುದು. ಆದರೆ ಆರು ತಿಂಗಳ ಸೆರೆ ಬರಿಯ ರೂಪಕವಲ್ಲವೆಂಬುದನ್ನೂ ಗಮನಿಸಬೇಕು. ಅದು ಕಣಜದ ಪರೀಕ್ಷೆ. ಹುಳು ಹಿಡಿಯದೆ ವರ್ಷಗಟ್ಟಲೆ ಹಗೇವಿನಲ್ಲಿ ಉಳಿಯಬಲ್ಲ ರಾಗಿಯ ಗುಣವನ್ನು ಕಂಡುಂಡ ಸಮಾಜವೊಂದರ ಅನುಭವ ಈ ಪ್ರಸಂಗದ ಹಿಂದಿದೆ. ಆದರೂ ಕಾವ್ಯದಲ್ಲಿ ತೀರ್ಪು ಬರುವುದು ಅರಸನ ಸಭೆಯಿಂದ. ಉಣ್ಣುವವರು ಅಲ್ಲಿ ಸಾಕ್ಷಿಗಳೂ ಅಲ್ಲ.

ಎರಡನೆಯದು ದಾಮಾಜಿಪಂತನ ಐತಿಹ್ಯ. 15ನೆಯ ಶತಮಾನದಲ್ಲಿ ಬೀದರಿನ ಬಹಮನಿ ಸುಲ್ತಾನರ ಅಧೀನದಲ್ಲಿದ್ದ ಮಂಗಳವೇಢೆಯ ಅಧಿಕಾರಿ ಈತ. ಕ್ಷಾಮಕಾಲದಲ್ಲಿ ಸರಕಾರಿ ಕಣಜವನ್ನು ತೆರೆದು ಹಸಿದವರಿಗೆ ಹಂಚಿದನೆಂದೂ, ದಂಡನೆಗಾಗಿ ಅವನನ್ನು ಬೀದರಿಗೆ ಕರೆಸಿದಾಗ ವಿಠ್ಠಲನೇ ಮಹಾರನ ವೇಷದಲ್ಲಿ ಬಂದು ಧಾನ್ಯದ ಬೆಲೆಯನ್ನು ತೆತ್ತನೆಂದೂ 18ನೆಯ ಶತಮಾನದ ಮಹೀಪತಿಯ 'ಭಕ್ತವಿಜಯ' ಹೇಳುತ್ತದೆ. ಪವಾಡದ ಅಂಶವನ್ನು ಬದಿಗಿಟ್ಟರೆ ಉಳಿಯುವುದು ಕಠಿಣವಾದ ಸಾಮಾಜಿಕ ಸತ್ಯ. ಜೋಳದ ಸೀಮೆಯ ನಡುವೆ, ತುಂಬಿದ ಕಣಜದ ಮುಂದೆಯೇ ಜನ ಹಸಿದಿರಬಹುದಾಗಿತ್ತು. ಬಾಗಿಲು ತೆರೆಯಲು ಒಬ್ಬ ಅಧಿಕಾರಿಯ ಕರುಣೆ ಬೇಕಾಗಿತ್ತು.

ಇದೇ ಬೀದರ ಸೀಮೆಯಲ್ಲಿ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಕಣಜದ ಕಥೆ ಇನ್ನೊಂದು ತಿರುವನ್ನು ಪಡೆಯಿತು. ಜಹೀರಾಬಾದ್ ಇಂದು ತೆಲಂಗಾಣಕ್ಕೆ ಸೇರಿದ್ದರೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯ ಭಾಗವಾಗಿತ್ತು. ಮುರಕಲ್ಲಿನ ಕೆಂಪು ನೆಲ, ಮಳೆಯಾಧಾರಿತ ಬೇಸಾಯ, ತೆಲುಗು, ಕನ್ನಡ, ಮರಾಠಿ, ಉರ್ದುಗಳ ಸಂಗಮ ಅದರ ಲಕ್ಷಣಗಳು. ಜೋಳ, ನವಣೆ, ತೊಗರಿ ಮೊದಲಾದವನ್ನು ಒಂದೇ ಹೊಲದಲ್ಲಿ ಬೆರಸಿ ಬಿತ್ತುವುದು ಅಲ್ಲಿಯ ಪದ್ಧತಿ.

1983ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಎನ್. ಟಿ. ರಾಮರಾವ್ ಸರಕಾರ ಕಿಲೋಗ್ರಾಮಿಗೆ 2 ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆಯನ್ನು ಜಾರಿಗೆ ತಂದಿತು. ಹಸಿದವರ ಪಾಲಿಗೆ ಅದು ಅಲ್ಪ ಉಪಕಾರವಲ್ಲ. ಆದರೆ ಆ ಅಕ್ಕಿ ನೀರಾವರಿ ಪ್ರದೇಶಗಳ ಬೆಳೆ. ಜೋಳಕ್ಕಿಂತ ಅಗ್ಗವಾಗಿ ಅದು ಅಂಗಡಿಯಲ್ಲೇ ದೊರೆತಾಗ ಒಣಭೂಮಿಯಲ್ಲಿ ಬಿತ್ತುವುದು ನಷ್ಟದ ಕೆಲಸವಾಯಿತು, ಹೊಲಗಳು ಬೀಳುಬಿದ್ದವು. ಬೀಳುಬಿದ್ದ ಹೊಲದೊಡನೆ ಕೂಲಿ ಹೋಯಿತು. ಜೋಳದ ದಂಟಿಲ್ಲದೆ ದನಗಳಿಗೆ ಮೇವು ಹೋಯಿತು, ದನಗಳಿಲ್ಲದೆ ಗೊಬ್ಬರ ಹೋಯಿತು. ಕನಕದಾಸರ ಸಭೆಯಲ್ಲಿ ಸೋತಿದ್ದ ವ್ರೀಹಿ ಪಡಿತರದ ಅಂಗಡಿಯಲ್ಲಿ ಗೆದ್ದಿತೆನ್ನಬಹುದು.

ಅದೇ 1983ರಲ್ಲಿ ಜಹೀರಾಬಾದಿನ ಸಮೀಪದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಅದರ ಸಂಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನಲ್ಲಿ ಜನಿಸಿದವರು, ದೂರದರ್ಶನದಲ್ಲಿ ದುಡಿದವರು. ಸಂಸ್ಥೆಯ ಜೀವಾಳವೆಂದರೆ ಊರೂರಿನ ಮಹಿಳಾ ಸಂಘಗಳು. ಅವುಗಳ ಸದಸ್ಯೆಯರಲ್ಲಿ ಬಹುಪಾಲು ದಲಿತ ಸ್ತ್ರೀಯರು, ತುಂಡು ಭೂಮಿಯ ಒಡತಿಯರು ಅಥವಾ ಕೂಲಿಕಾರ್ತಿಯರು.

1990ರ ದಶಕದ ಮಧ್ಯಭಾಗದಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ ಈ ಸಂಘಗಳು ಸುಮಾರು 30 ಗ್ರಾಮಗಳಲ್ಲಿ ಸಮುದಾಯ ಧಾನ್ಯನಿಧಿಯನ್ನು ಕಟ್ಟಿದವು. ಬೀಳುಭೂಮಿಯನ್ನು ಹಸನು ಮಾಡಲು, ಗೊಬ್ಬರ ಹಾಕಲು, ಬಿತ್ತಲು ರೈತರಿಗೆ ಮುಂಗಡ ಹಣ ದೊರೆಯಿತು. ಅವರು ಅದನ್ನು ಐದು ವರ್ಷಗಳ ಕಂತುಗಳಲ್ಲಿ, ಹಣದ ಬದಲು ಜೋಳದ ರೂಪದಲ್ಲಿ, ಊರಿನ ಕಣಜಕ್ಕೆ ಹಿಂದಿರುಗಿಸಬೇಕಾಗಿತ್ತು. ಕೂಲಿ ವಿರಳವಾಗುವ ಮಳೆಗಾಲದ ತಿಂಗಳುಗಳಲ್ಲಿ ಆ ಜೋಳ ಬಡ ಮನೆಗಳಿಗೆ ಕಡಮೆ ಬೆಲೆಗೆ ಸಲ್ಲುತ್ತಿತ್ತು.

ಯಾರು ಬಡವರು ಎಂಬುದನ್ನು ತೀರ್ಮಾನಿಸಿದ ರೀತಿ ಈ ಪ್ರಯತ್ನದ ಅತಿ ಮಹತ್ವದ ಅಂಶ. ಗ್ರಾಮಸ್ಥರು ಸೇರಿ ನೆಲದ ಮೇಲೆ ತಮ್ಮ ಊರಿನ ನಕಾಶೆಯನ್ನು ಬರೆದು, ಮನೆಮನೆಯ ಸ್ಥಿತಿಯನ್ನು ಬಹಿರಂಗವಾಗಿ ಚರ್ಚಿಸಿ, ಹೆಚ್ಚು ಹಸಿದವರಿಗೆ ಹೆಚ್ಚು ಪಾಲೆಂಬ ಕ್ರಮವನ್ನು ನಿಗದಿಪಡಿಸಿದರು. ಬಡತನದ ರೇಖೆಯನ್ನು ದೂರದ ಕಚೇರಿ ಎಳೆಯಲಿಲ್ಲ, ಹಸಿವನ್ನು ಬಲ್ಲವರೇ ಎಳೆದರು. ದಾಮಾಜಿಯ ಕಥೆಯಲ್ಲಿ ದೇವರು ಮಹಾರನ ವೇಷ ಧರಿಸಿ ಕಣಜದ ಲೆಕ್ಕ ತೀರಿಸಬೇಕಾಯಿತು. ಇಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಸ್ತ್ರೀಯರು ಯಾವ ವೇಷವೂ ಇಲ್ಲದೆ ಕಣಜದ ಒಡೆತನವನ್ನು ವಹಿಸಿಕೊಂಡರು. ಆ ಧಾನ್ಯದಲ್ಲಿ ಮೇಲ್ಜಾತಿಯ ಬಡ ಮನೆಗೂ ಪಾಲು ಇದ್ದುದರಿಂದ ಕೊಡುವ ಕೈ, ಬೇಡುವ ಕೈಗಳ ಹಳೆಯ ಸ್ಥಾನಗಳು ಅಷ್ಟರಮಟ್ಟಿಗೆ ಅದಲುಬದಲಾದವು.

ಧಾನ್ಯದ ಹಿಂದೆ ಬೀಜದ ಪ್ರಶ್ನೆ ಬಂದಿತು. ಬೂದಿ, ಬೇವಿನೆಲೆಗಳಲ್ಲಿ ಬೀಜ ಕಾಪಿಡುವ ಸ್ತ್ರೀಯರ ತಿಳಿವು ಊರಿನ ಬೀಜನಿಧಿಗಳಾಗಿ ರೂಪುಗೊಂಡಿತು. ಸಂಕ್ರಾಂತಿಯ ವೇಳೆಗೆ ಎತ್ತಿನ ಬಂಡಿಗಳಲ್ಲಿ ಹಳೆಯ ತಳಿಗಳನ್ನಿಟ್ಟು ಊರೂರಿಗೆ ಒಯ್ಯುವ 'ಪಾತ ಪಂಟಲ ಜಾತರ' ಮೊದಲಾಯಿತು. 2008ರಲ್ಲಿ ಮಾಚನೂರಿನಲ್ಲಿ ಈ ಸ್ತ್ರೀಯರದೇ ಸಮುದಾಯ ಬಾನುಲಿ ಆರಂಭವಾಯಿತು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು.

ಈ ಯಶಸ್ಸನ್ನು ಉತ್ಪ್ರೇಕ್ಷಿಸಬೇಕಾಗಿಲ್ಲ. ಕೆಲವು ಗ್ರಾಮಗಳ ಧಾನ್ಯನಿಧಿ ಇಡೀ ರಾಜ್ಯದ ಪಡಿತರ ವ್ಯವಸ್ಥೆಗೆ ಬದಲಿಯಾಗಲಿಲ್ಲ. ಅಗ್ಗದ ಅಕ್ಕಿಯ ಆಕರ್ಷಣೆ ಕುಂದಲಿಲ್ಲ. ಆದರೂ ನೀತಿಯ ಭಾಷೆ ಬದಲಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಅಕ್ಕಿ, ಗೋಧಿಗಳ ಜೊತೆಗೆ ಒರಟು ಧಾನ್ಯಗಳನ್ನೂ ಕಿಲೋಗ್ರಾಮಿಗೆ 1 ರೂಪಾಯಿಯಂತೆ ಸೇರಿಸಿಕೊಂಡಿತು. ಕರ್ನಾಟಕದ ಪಡಿತರದಲ್ಲಿ ರಾಗಿ, ಜೋಳಗಳಿಗೆ ಸ್ಥಾನ ದೊರೆಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಸಾರಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಸತೀಶ್ ನಿಧನರಾದರು.

ಧಾನ್ಯಕ್ಕೆ ಮನ್ನಣೆ ದೊರೆತುದರಿಂದಲೇ ಅದನ್ನು ಬೆಳೆದುಂಡವರಿಗೆ ಅಧಿಕಾರ ದೊರೆತಂತಾಗುವುದಿಲ್ಲ. ಸಿರಿಧಾನ್ಯವೆಂಬ ಹೊಸ ಹೆಸರು ನಗರದ ಮಳಿಗೆಗಳಲ್ಲಿ ಬೆಲೆ ಏರಿಸಿ, ಬಡವರ ತಟ್ಟೆಯಿಂದ ಅದನ್ನು ದೂರಮಾಡಲೂಬಹುದು. ನರೆದಲೆಗಕ್ಕೆ ರಾಘವನ ಹೆಸರು ಬಂದ ಮೇಲೆ ಅದನ್ನು ಬೆಳೆದ ಒಕ್ಕಲ ಗತಿಯೇನಾಯಿತೆಂದು ಕಾವ್ಯ ಹೇಳುವುದಿಲ್ಲ. ಜಹೀರಾಬಾದಿನ ಸ್ತ್ರೀಯರು ಉತ್ತರಿಸಲು ತೊಡಗಿದ್ದು ಆ ಪ್ರಶ್ನೆಗೇ. ಹಗೇವು, ಕಣಜ, ಬೀಜದ ಮಡಕೆಗಳ ಸುತ್ತ ಕನ್ನಡದ ಗಡಿಸೀಮೆಗಳಲ್ಲಿ ಉಳಿದಿರುವ ಶಬ್ದಗಳನ್ನೂ ಬೀಸುಕಲ್ಲಿನ ಪದಗಳನ್ನೂ ಈ ದೃಷ್ಟಿಯಿಂದ ಸಂಗ್ರಹಿಸಿ ಪರಿಶೀಲಿಸಿದರೆ 'ರಾಮಧಾನ್ಯ ಚರಿತ್ರೆ'ಯ ಅಧ್ಯಯನವೂ ಹೊಸ ನೆಲೆಯನ್ನು ಕಾಣಬಲ್ಲುದು.