ಹಣ್ಣು ಕಾಯದು, ಅರಿವೆ ಕಾದೀತು

ನಮ್ಮ ಮನೆಯ ಟ್ರಂಕಿನ ತಳದಲ್ಲಿ ಒಂದು ಪುಟ್ಟ ಕೌದಿ ಇದೆ. ಕೂಸಿನ ಕೌದಿ. ಅಂಚಿನಲ್ಲಿ ಅದರ ಹೊಲಿಗೆ ಸಾಸಿವೆ ಸಾಲಿಟ್ಟ ಹಾಗೆ ಒತ್ತೊತ್ತಾಗಿದೆ. ನಡುವಿಗೆ ಬರಬರುತ್ತ ಟಾಕಿಗಳು ದೂರದೂರವಾಗುತ್ತವೆ. ಒಂದು ಮೂಲೆಯಲ್ಲಿ ಮಾವಿನ ಸೊನೆಯ ಕಂದು ಕಲೆ. ಎಷ್ಟು ಒಗೆದರೂ ಹೋಗಿಲ್ಲ. ನೋಡಿದವರು, ‘ನಿಮ್ಮ ಅವ್ವನಿಗೆ ಹೊಲಿಗೆ ಅಷ್ಟಾಗಿ ಬರ್ತಿರಲಿಲ್ಲೇನು?’ ಎಂದು ಕೇಳುವುದುಂಟು. ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆ ಟಾಕಿಗಳು ಹಾಗಾಗಿದ್ದಕ್ಕೆ ಒಂದು ಚರಿತ್ರೆಯೇ ಇದೆ.

1978ರ ಬೇಸಿಗೆ. ಮೊದಲ ಹೆರಿಗೆಗೆಂದು ನಾನು ಧಾರವಾಡದ ತವರಿಗೆ ಬಂದಿದ್ದೆ. ಹಿತ್ತಲಲ್ಲಿ ನಾಲ್ಕು ಆಪೂಸು ಮರಗಳು. ಆ ವರ್ಷ ಟೊಂಗೆಗಳು ನೆಲ ಮುಟ್ಟುವಷ್ಟು ಕಾಯಿ. ಕೂಸು ಹುಟ್ಟುವ ಮೊದಲು ಹೊಸ ಬಟ್ಟೆ ತರಬಾರದು, ಹಳೆಯ ಅರಿವೆಯಲ್ಲಿ ಹೊಲಿದರೆ ದೋಷವಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಸವೆದ ಧೋತರ, ನನ್ನದೇ ಹಳೆಯ ಪರಕಾರ ಎಲ್ಲವನ್ನೂ ಹರಿದು, ಒಗೆದು, ಅವ್ವ ಯುಗಾದಿಗೆ ಕೌದಿ ಹಿಡಿದಳು. ಕೂಸು ಬರುವುದು ಜೂನ್ ನಡುವಿಗೆ ಎಂದು ಡಾಕ್ಟರು ಹೇಳಿದ್ದರು. ಬೇಕಾದಷ್ಟು ದಿನಗಳಿದ್ದವು.

ಎರೆಸೀಮೆಯಲ್ಲಿ ಬಿಳಿಜೋಳದ ಸುಗ್ಗಿ ಮುಗಿದು ಹೊಲದ ಕೆಲಸ ಸಡಿಲಾದ ಮೇಲೆ, ಮಳೆ ಹಿಡಿಯುವ ಮೊದಲು ಕೌದಿ ಹೊಲಿದು ಮುಗಿಸುವುದು ವಾಡಿಕೆ. ಹಗಲು ದೊಡ್ಡದು, ಒಗೆದ ಅರಿವೆ ಗಳಿಗೆಯಲ್ಲಿ ಒಣಗುತ್ತದೆ. ಮಳೆಗಾಲದ ಚಳಿಗೆ ಹೊದೆಯಲೂ ಬೇಕು. ಆದರೆ ಮಾವು ಹಣ್ಣಾಗುವುದೂ ಅದೇ ತಿಂಗಳಲ್ಲಿ. ಎರಡು ಕೆಲಸಗಳಿಗೂ ಮಳೆಯೇ ಗಡುವು. ಕೈಗಳು ಮಾತ್ರ ಎರಡೇ.

ಮಾವಿನ ಕೆಲಸವಾದರೂ ಒಂದೇ? ಗಾಳಿಗೆ ಬಿದ್ದ ಕಾಯಿಗಳನ್ನು ಅಂದೇ ಹೆರೆದು ಬೆಲ್ಲ ಹಾಕಿ ಗುಳಂಬ ಮಾಡಬೇಕು. ಬಲಿತವನ್ನು ಹುಲ್ಲಿನಲ್ಲಿ ಅಡಿ ಹಾಕಬೇಕು, ದಿನಕ್ಕೆರಡು ಸಲ ಮುಟ್ಟಿ ನೋಡಬೇಕು. ಒಂದು ಕೊಳೆತರೆ ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ಪೂರಾ ಹಣ್ಣಾದದ್ದರ ರಸ ತೆಗೆದು ಬಾಟಲಿಗೆ ತುಂಬಬೇಕು. ಈ ಕಡೆಯ ವಿದ್ಯೆ ಅವ್ವನಿಗೆ ಹೊಸದು. ಹಿಂದಿನ ವರ್ಷ ಮಹಿಳಾ ಮಂಡಳದ ತರಬೇತಿಯಲ್ಲಿ ಕಲಿತದ್ದು. ರಸಕ್ಕೆ ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿ ಕಾಯಿಸಿ, ಕುದಿಸಿ ತೊಳೆದ ಬಾಟಲಿಗಳಿಗೆ ಬಿಸಿಯಿರುವಾಗಲೇ ತುಂಬಿ, ಬಿರಡೆ ಹಾಕಿ, ದೊಡ್ಡ ಪಾತ್ರೆಯ ನೀರಿನಲ್ಲಿ ನಿಲ್ಲಿಸಿ ಅರ್ಧ ಗಂಟೆ ಕುದಿಸುವುದು. ಬಾಟಲಿ ತಳಕ್ಕೆ ತಗುಲಿ ಒಡೆಯದಿರಲೆಂದು ಪಾತ್ರೆಯ ಅಡಿಯಲ್ಲಿ ಮಡಿಸಿದ ಅರಿವೆ ಹಾಸುತ್ತಾರೆ. ಅವ್ವ ಹಾಸಿದ್ದು ಕೌದಿಗೆಂದು ಎತ್ತಿಟ್ಟಿದ್ದ ತುಂಡುಗಳನ್ನೇ!

ಈ ವಿದ್ಯೆಯನ್ನು ಕಂಡುಹಿಡಿದವನು ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ. ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿರಡೆ ಬಿಗಿದು, ನೀರಿನಲ್ಲಿ ಕುದಿಸಿ ಕಾಪಿಡುವ ಕ್ರಮಕ್ಕಾಗಿ 1810ರಲ್ಲಿ ಅಲ್ಲಿಯ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅವನೂ ಬಾಟಲಿಗಳು ಒಡೆಯದಂತೆ ಅವನ್ನು ಬಟ್ಟೆಯ ಚೀಲಗಳಲ್ಲಿ ಇಟ್ಟು ಕುದಿಸುತ್ತಿದ್ದ. ಕುದಿಸಿದ್ದು ಏಕೆ ಕೆಡುವುದಿಲ್ಲ ಎಂಬುದು ಅವನಿಗೂ ತಿಳಿದಿರಲಿಲ್ಲ. ಕಣ್ಣಿಗೆ ಕಾಣದ ಜೀವಾಣುಗಳ ಮಾತು ಪಾಶ್ಚರನಿಂದ ತಿಳಿದದ್ದು 1860ರ ದಶಕದಲ್ಲಿ. ಮನೆವಾರ್ತೆಯ ಹೆಂಗಸರಿಗೆ ಅನುಕೂಲವಾದ ತಿರುಪು ಮುಚ್ಚಳದ ಗಾಜಿನ ಜಾಡಿಗೆ ಅಮೆರಿಕದ ಜಾನ್ ಮೇಸನ್ ಪೇಟೆಂಟ್ ಪಡೆದದ್ದು 1858ರಲ್ಲಿ. ನಮ್ಮಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದದ್ದು 1950ರಲ್ಲಿ. ಜಾಮು, ಸ್ಕ್ವಾಷು, ಬಾಟಲಿಯ ರಸ ಇವೆಲ್ಲ ಊರೂರಿನ ಮಹಿಳಾ ಮಂಡಳಗಳ ತರಬೇತಿಗೆ ಬಂದದ್ದು ಆಮೇಲಿನ ದಶಕಗಳಲ್ಲಿ. ಹಣ್ಣಿನ ವಿದ್ಯೆಗೆ ಹೀಗೆ ಇಸವಿಗಳಿವೆ, ಬಹುಮಾನವಿದೆ, ಹೆಸರುಗಳಿವೆ.

ಕೌದಿಗೆ ಅವೊಂದೂ ಇಲ್ಲ. ಚಿಂದಿಗಳನ್ನು ಸೇರಿಸಿದ ಹೊದಿಕೆಗೆ ಸಂಸ್ಕೃತದಲ್ಲಿ ಕಂಥಾ ಎಂಬ ಮಾತಿದೆ. ಬಂಗಾಳದ ಹೆಂಗಸರು ಹಳೆ ಸೀರೆಗಳಲ್ಲಿ ಹೊಲಿಯುವುದಕ್ಕೂ ಅದೇ ಹೆಸರು. ಮರಾಠಿಯವರದು ಗೋಧಡಿ. ನಮ್ಮ ಪಕ್ಕದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರು ಅಂಚಿನಿಂದ ಹಿಡಿದು ಸುತ್ತುತ್ತ ಒಳಗೆ ಹೊಲಿದು ನಡುವಿನಲ್ಲಿ ಮುಗಿಸುವ ಕೌದಿಗೆ ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಹೂವಿನಂತೆ ಹೊಲಿಯದಿದ್ದರೆ ಅವರ ಪಾಲಿಗೆ ಕವಂದಿ ಪೂರ್ತಿಯಾದ ಹಾಗಲ್ಲ. 2004ರಲ್ಲಿ ಅವರದೊಂದು ಸಹಕಾರ ಸಂಘವೂ ಆಯಿತು. ಆ ಕವಂದಿಗಳು ಹೊರದೇಶಗಳ ಪ್ರದರ್ಶನಗಳಿಗೂ ಹೋದವು. ಆದರೆ ಈ ಹೊಲಿಗೆಯನ್ನು ಮೊದಲು ಕಂಡುಕೊಂಡವಳು ಯಾರು? ಅವಳಿಗೆ ಯಾವ ಸರ್ಕಾರವೂ ಬಹುಮಾನ ಕೊಡಲಿಲ್ಲ.

ಅವ್ವನ ಕಡೆಗೆ ಮರಳುತ್ತೇನೆ. ವೈಶಾಖ ಬರುತ್ತಲೇ ಅವಳ ಮಧ್ಯಾಹ್ನಗಳನ್ನು ಮಾವು ನುಂಗಿತು. ಕೌದಿ ಮೂಲೆಗೆ ಸರಿಯಿತು. ಬಾಟಲಿಗಳು ಕುದಿಯುವಷ್ಟು ಹೊತ್ತು ಕೂತು ನಾಲ್ಕು ಸಾಲು ಟಾಕಿ ಹಾಕಿದರೆ ಅದೇ ಹೆಚ್ಚು. ‘ಅದನ್ನ ಮೊದಲ ಮುಗಸವಾ’ ಎಂದರೆ, ‘ಹಣ್ಣು ಕಾಯಂಗಿಲ್ಲ ತಂಗಿ, ಅರಿವಿ ಕಾಯ್ತದ’ ಎನ್ನುತ್ತಿದ್ದಳು. ಮಾತು ಸುಳ್ಳಲ್ಲ. ಕೌದಿ ಎಂಬ ಕೆಲಸ ಹೆಂಗಸರ ಕೈಗೆ ಒಗ್ಗಿದ್ದೇ ಅದಕ್ಕಾಗಿ ಇರಬೇಕು. ಯಾವಾಗ ಬೇಕಾದರೂ ಕೆಳಗಿಡಬಹುದು, ಯಾವಾಗ ಬೇಕಾದರೂ ಎತ್ತಿಕೊಳ್ಳಬಹುದು. ಹಾಲು ಉಕ್ಕುವುದಿಲ್ಲ, ಒಗ್ಗರಣೆ ಸೀಯುವುದಿಲ್ಲ. ಆದರೆ ಕಾಯುವ ಕೆಲಸಕ್ಕೆ ಸಿಗುವುದು ಯಾವಾಗಲೂ ಉಳಿದ ಹೊತ್ತು.

ಕೂಸು ಕಾಯಲಿಲ್ಲ. ರೋಹಿಣಿ ಮಳೆ ಹೂಡಿದ ರಾತ್ರಿ, ಹೇಳಿದ್ದಕ್ಕಿಂತ ಮೂರು ವಾರ ಮೊದಲೇ ನನ್ನ ಮಗಳು ಹುಟ್ಟಿದಳು. ಕೌದಿಯ ನಡು ಇನ್ನೂ ಬಾಯಿ ತೆರೆದಿತ್ತು. ಆ ಸಣ್ಣ ಜೀವವನ್ನು ಅಪ್ಪನ ಹಳೆಯ ಶಾಲಿನಲ್ಲಿ ಸುತ್ತಿದರು. ಅವ್ವ ಏನೂ ಮಾತಾಡಲಿಲ್ಲ. ಬಾಣಂತಿಗೆ ನೀರು ಹಾಕಿ, ಕೂಸಿಗೆ ಎಣ್ಣೆ ತಿಕ್ಕಿ, ಎಲ್ಲರೂ ಮಲಗಿದ ಮೇಲೆ ಮೂರು ರಾತ್ರಿ ದೀಪದ ಮುಂದೆ ಕೂತು ಹೊಲಿದಳು. ದೂರದೂರದ ಟಾಕಿಗಳು ಆ ಮೂರು ರಾತ್ರಿಗಳವು. ಸೊನೆಯ ಕೈ ಒರೆಸಿಕೊಳ್ಳದೆ ಸೂಜಿ ಹಿಡಿದ ಮಧ್ಯಾಹ್ನದ ಗುರುತು ಆ ಕಂದು ಕಲೆ. ನಾಲ್ಕನೆಯ ದಿನ ಕೂಸಿಗೆ ಅದನ್ನು ಹೊದಿಸುತ್ತ, ‘ನಿನ್ನ ಸಲುವಾಗಿ ಹಿಡಿದದ್ದನ್ನ ಎಲ್ಲಾದರ ಹಿಂದ ಇಟ್ಟೆ ನೋಡವಾ’ ಎಂದಳು. ನನಗೆ ಹೇಳಿದಳೋ, ಕೂಸಿಗೋ, ಇವತ್ತಿಗೂ ತಿಳಿದಿಲ್ಲ.

ಶ್ರಾವಣದಲ್ಲಿ ಗಂಡನ ಮನೆಯವರು ಕರೆದೊಯ್ಯಲು ಬಂದಾಗ ಬಾಟಲಿಗಳು ಹೊರಬಂದವು. ಮಾವು ಮುಗಿದ ಕಾಲದಲ್ಲಿ ಸೀಕರಣೆ! ಎಲ್ಲರೂ ಬಾಯಿ ಚಪ್ಪರಿಸಿದರು. ತೊಟ್ಟಿಲಲ್ಲಿದ್ದ ಕೌದಿಯನ್ನು ಯಾರೂ ನೋಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕ ತೆರೆದೆ. ಆ ವರ್ಷ ಮಾರಿದ ಮಾವಿನ ಬುಟ್ಟಿಗಳ ಲೆಕ್ಕ ಕಾಸು ಬಿಡದಂತೆ ಬರೆದಿತ್ತು. ಗುಳಂಬದ ಭರಣಿಗಳಾಗಲಿ, ಬಾಟಲಿಗಳಾಗಲಿ, ಕೌದಿಯಾಗಲಿ ಅದರಲ್ಲಿಲ್ಲ. ಅಪ್ಪನ ತಪ್ಪೆನ್ನಲಾರೆ; ಮಾರದೆ ಮನೆಯಲ್ಲೇ ಬಳಸಿದ್ದನ್ನು ಲೆಕ್ಕಕ್ಕೆ ಹಿಡಿಯುವ ರೂಢಿ ಎಲ್ಲಿತ್ತು? ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಹೆಂಗಸರು ಬ್ರಿಟನ್ನಿನ ಜನರಿಗೆ ಹಣ್ಣಿನ ಜಾಮನ್ನೂ, ರೆಡ್‌ಕ್ರಾಸಿನ ಮೂಲಕ ಚಿಂದಿ ಸೇರಿಸಿ ಹೊಲಿದ ಕೌದಿಗಳನ್ನೂ ಹಡಗಿನಲ್ಲಿ ಕಳಿಸಿದರಂತೆ. ಆಗ ಈ ಎರಡೂ ಕೆಲಸಗಳನ್ನು ಎಣಿಸಿದರು, ಬರೆದಿಟ್ಟರು. ಎಣಿಸಬೇಕೆಂದು ತೋರಲು ಯುದ್ಧವೇ ಬರಬೇಕಾಯಿತು, ನೋಡಿ.

ಹಿತ್ತಲಲ್ಲಿ ಈಗ ಎರಡು ಮರ ಉಳಿದಿವೆ. ತಮ್ಮನ ಮನೆಯಲ್ಲಿ ರಸವನ್ನು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡುತ್ತಾರೆ. ಹಣ್ಣೂ ಈಗ ಕಾಯಲು ಕಲಿತಿದೆ ಅನ್ನಿ. ಅವನ ಸೊಸೆಗೆ ಈಗ ಆರು ತಿಂಗಳು. ದಿನ ತುಂಬುವುದು ಮತ್ತೆ ಮಾವಿನ ಕಾಲಕ್ಕೇ. ಅವ್ವನ ಎರಡು ಹತ್ತಿಸೀರೆ ನನ್ನ ಹತ್ತಿರ ಉಳಿದಿದ್ದವು. ಸಂಕ್ರಾಂತಿಯ ಮರುದಿನವೇ ಹರಿದು, ಒಗೆದು, ಸೂಜಿ ಹಿಡಿದೆ. ಮರಗಳಲ್ಲಿ ಈಗಿನ್ನೂ ಹೂವಿದೆ. ನನ್ನ ಕೌದಿ ಆಗಲೇ ನಡುವಿಗೆ ಬಂದಿದೆ.